ದೊಲೊರೆಸ್ ಧರ್ಮಕೇಂದ್ರದ ಗುರು ಮಿಗೆಲ್ ಹಿದಾಲ್ಗೊ

ದೇವಾಲಯವೊಂದರ ಶತಮಾನೋತ್ಸವವನ್ನು ಆಚರಿಸುವಾಗ ಅದರ ಗೋಡೆ ಗೋಪುರಗಳಿಗಿಂತ ಮೊದಲು ನಮ್ಮ ನೆನಪಿಗೆ ಬರುವವರು ಅಲ್ಲಿ ಸೇವೆ ಸಲ್ಲಿಸಿ ಅಗಲಿದ ಗುರುಗಳು. ಕೂಸುಗಳಿಗೆ ಜ್ಞಾನಸ್ನಾನವಿತ್ತು, ವಧೂವರರನ್ನು ಹರಸಿ, ಸಾಯುವವರ ತಲೆದೆಸೆಯಲ್ಲಿ ಕುಳಿತು ಅವರು ಸವೆಸಿದ ಬಾಳು ಬಹುಮಟ್ಟಿಗೆ ಆ ಊರಿನ ಎಲ್ಲೆಯೊಳಗೇ ಮುಗಿಯುತ್ತದೆ. ಧರ್ಮಕೇಂದ್ರದ ದಫ್ತರಗಳ ಆಚೆಗೆ ಅವರ ಹೆಸರು ಉಳಿಯುವುದು ಅಪರೂಪ. ಆದರೆ ಮೆಕ್ಸಿಕೋ ದೇಶದಲ್ಲಿ ಸಣ್ಣ ಊರೊಂದರ ಧರ್ಮಕೇಂದ್ರದ ಗುರುವಿನ ಹೆಸರು ಇಡೀ ರಾಷ್ಟ್ರದ ಬಾಳಿನೊಡನೆ ಬೆಸೆದುಕೊಂಡಿದೆ. ಅವರೇ ಮಿಗೆಲ್ ಹಿದಾಲ್ಗೊ ಇ ಕೊಸ್ತಿಯಾ. ಆ ದೇಶದ ಜನ ಅವರನ್ನು ರಾಷ್ಟ್ರಪಿತನೆಂದು ಕರೆಯುತ್ತಾರೆ. ಅವರು ಸಂತರಲ್ಲ, ಧರ್ಮಸಭೆ ಅವರನ್ನು ಪೀಠದ ಮೇಲೆ ಇರಿಸಿಲ್ಲ. ಆದರೂ ನ್ಯಾಯದ ಹಸಿವು, ಜನರ ಮೇಲಿನ ಮಮತೆ, ಕೈಮೀರಿದ ಕ್ರೋಧ, ಕಡೆಗಾಲದ ಪಶ್ಚಾತ್ತಾಪ ಇವೆಲ್ಲ ಒಂದೇ ಬಾಳಿನಲ್ಲಿ ಕೂಡಿಬಂದ ಆ ಚರಿತ್ರೆಯನ್ನು ಅರಿತರೆ ನಮಗೆ ಲಾಭವೇ ಹೊರತು ನಷ್ಟವಿಲ್ಲವೆಂದು ಬಗೆದು ಅದನ್ನು ವಾಚಕರ ಮುಂದಿಡುತ್ತಿದ್ದೇವೆ.

ಜನನ ಮತ್ತು ವಿದ್ಯಾಭ್ಯಾಸ

ಮಿಗೆಲ್ ಹಿದಾಲ್ಗೊ 1753ರ ಮೇ 8ರಂದು ಪೆಂಹಾಮೊ ಎಂಬ ಊರಿನ ಬಳಿಯ ಒಂದು ದೊಡ್ಡ ಜಮೀನಿನಲ್ಲಿ ಹುಟ್ಟಿದರು. ತಂದೆ ಕ್ರಿಸ್ತೊಬಾಲ್ ಆ ಜಮೀನಿನ ಮೇಲ್ವಿಚಾರಕರು. ಆಗ ಮೆಕ್ಸಿಕೋ ದೇಶಕ್ಕೆ ಹೊಸ ಸ್ಪೇನ್ ಎಂಬ ಹೆಸರಿತ್ತು. ಸ್ಪೇನಿನ ದೊರೆಯ ಪರವಾಗಿ ಒಬ್ಬ ವೈಸರಾಯ್ ಅದನ್ನು ಆಳುತ್ತಿದ್ದನು. ಸುಮಾರು 60 ಲಕ್ಷ ಪ್ರಜೆಗಳಿದ್ದ ಆ ನಾಡಿನಲ್ಲಿ ಉನ್ನತ ಪದವಿಗಳೆಲ್ಲ ಸ್ಪೇನಿನಲ್ಲೇ ಹುಟ್ಟಿ ಬಂದ ಕೆಲವು ಸಾವಿರ ಮಂದಿಯ ಪಾಲಾಗಿದ್ದವು. ಅಮೆರಿಕದ ನೆಲದಲ್ಲಿ ಹುಟ್ಟಿದ ಸ್ಪೇನ್ ಮೂಲದವರಿಗೆ ಕ್ರಿಯೊಯೊ ಎಂದು ಹೆಸರು. ವಿದ್ಯೆ, ಹಣ ಎರಡೂ ಇದ್ದರೂ ಅವರಿಗೆ ಎರಡನೆಯ ಸ್ಥಾನವೇ ಗತಿ. ಅವರ ಕೆಳಗೆ ಮಿಶ್ರ ಸಂತತಿಯವರು, ತಲೆಗಂದಾಯ ತೆರುತ್ತಿದ್ದ ಮೂಲನಿವಾಸಿಗಳು, ಎಲ್ಲರಿಗಿಂತ ಕೆಳಗೆ ಆಫ್ರಿಕ ಮೂಲದ ಗುಲಾಮರು. ಹಿದಾಲ್ಗೊ ಕ್ರಿಯೊಯೊ ಮನೆತನದವರು. ಜಮೀನಿನ ಕೂಲಿಯಾಳುಗಳ ಮಕ್ಕಳ ನಡುವೆ ಬೆಳೆದುದರಿಂದ ಮೂಲನಿವಾಸಿಗಳ ನುಡಿಗಳು ಅವರಿಗೆ ಎಳವೆಯಲ್ಲೇ ಪರಿಚಿತವಾದವು.

ವಯ್ಯಾದೊಲಿದ್ ನಗರದ ಯೇಸುಸಭೆಯ ವಿದ್ಯಾಲಯಕ್ಕೆ ಬಾಲಕನನ್ನು ಸೇರಿಸಲಾಯಿತು. ಆದರೆ 1767ರಲ್ಲಿ ಸ್ಪೇನಿನ ದೊರೆ ಮೂರನೆಯ ಕಾರ್ಲೊಸ್ ತನ್ನ ರಾಜ್ಯಗಳಿಂದ ಯೇಸುಸಭೆಯ ಗುರುಗಳನ್ನೆಲ್ಲ ಹೊರಗಟ್ಟಿದನು. ಪಾಠ ಹೇಳುತ್ತಿದ್ದ ಗುರುಗಳು ಕಾವಲಿನಲ್ಲಿ ದೇಶಬಿಟ್ಟು ಹೋದಾಗ ಹಿದಾಲ್ಗೊ ಹದಿನಾಲ್ಕರ ಬಾಲಕ. ಅನಂತರ ಅದೇ ನಗರದ ಸಂತ ನಿಕೋಲಾಸರ ವಿದ್ಯಾಲಯದಲ್ಲಿ ಓದನ್ನು ಮುಂದುವರಿಸಿದರು. ಸಹಪಾಠಿಗಳು ಅವರ ಬುದ್ಧಿಯ ಚುರುಕನ್ನು ಕಂಡು ನರಿ ಎಂಬ ಅಡ್ಡಹೆಸರಿಟ್ಟರು. 1778ರಲ್ಲಿ ಗುರುದೀಕ್ಷೆ ಪಡೆದು, ಅದೇ ವಿದ್ಯಾಲಯದಲ್ಲಿ ದೈವಶಾಸ್ತ್ರವನ್ನು ಬೋಧಿಸಿ, 1790ರಲ್ಲಿ ಅದರ ಮುಖ್ಯಸ್ಥರಾದರು. ಬಡ ಬಡಗಿಯೊಬ್ಬನ ಮಗನಾದ ಹೊಸೆ ಮರಿಯಾ ಮೊರೆಲೊಸ್ ಆಗ ಅಲ್ಲಿ ವಿದ್ಯಾರ್ಥಿಯಾಗಿದ್ದನು. ಅವನ ಹೆಸರು ಮುಂದೆ ಮತ್ತೆ ಬರಲಿದೆ.

1792ರಲ್ಲಿ ಹಿದಾಲ್ಗೊ ಆ ಸ್ಥಾನವನ್ನು ಬಿಟ್ಟು ಧರ್ಮಕೇಂದ್ರಗಳ ಸೇವೆಗೆ ಹೊರಟರು. ಮೊದಲು ಕೊಲಿಮಾ, ಅನಂತರ ಸಾನ್ ಫೆಲಿಪೆ. ಅವರ ಮನೆಯಲ್ಲಿ ಸಂಗೀತ, ನಾಟಕ, ಗ್ರಂಥಪಠನ ನಡೆಯುತ್ತಿದ್ದವು. ಶ್ರೀಮಂತನೂ ಬಡವನೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕೂರುತ್ತಿದ್ದುದರಿಂದ ಜನ ಆ ಮನೆಯನ್ನು ಪುಟ್ಟ ಫ್ರಾನ್ಸ್ ಎಂದರು. 1800ರಲ್ಲಿ ಅವರ ಮಾತುಗಳ ವಿಷಯವಾಗಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯಕ್ಕೆ ದೂರುಹೋಯಿತು. ಆಗ ಅದು ದಂಡನೆಯವರೆಗೆ ಮುಟ್ಟಲಿಲ್ಲ. ಅವರ ಖಾಸಗಿ ಬದುಕು ನಿಷ್ಕಳಂಕವಾಗಿತ್ತೆಂದು ಹೇಳಲಾಗದು. ಬ್ರಹ್ಮಚರ್ಯದ ವ್ರತವನ್ನು ಅವರು ಪಾಲಿಸಲಿಲ್ಲ. ಅವರಿಗೆ ಮಕ್ಕಳಿದ್ದರೆಂಬುದು ಚರಿತ್ರೆಕಾರರು ಮರೆಮಾಡದ ಸಂಗತಿ. ಅದನ್ನು ಮುಚ್ಚಿಟ್ಟು ಚಿತ್ರವನ್ನು ಅಂದಗೊಳಿಸುವ ಇಚ್ಛೆ ನಮಗೂ ಇಲ್ಲ.

ದೊಲೊರೆಸಿನ ಕೈಕಸುಬುಗಳು

1803ರಲ್ಲಿ ದೊಲೊರೆಸ್ ಎಂಬ ಊರಿನ ಗುರುಗಳಾಗಿದ್ದ ಅವರ ಹಿರಿಯ ಸಹೋದರರು ತೀರಿಕೊಂಡಾಗ ಆ ಧರ್ಮಕೇಂದ್ರ ಇವರ ಪಾಲಿಗೆ ಬಂದಿತು. ದೊಲೊರೆಸ್ ಎಂದರೆ ಸ್ಪೇನಿನ ಭಾಷೆಯಲ್ಲಿ ವ್ಯಾಕುಲಗಳು ಎಂದರ್ಥ. ಊರಿನ ದೇವಾಲಯ ವ್ಯಾಕುಲಮಾತೆಗೆ ಸಮರ್ಪಿತವಾದುದು. ಆಗ ಹಿದಾಲ್ಗೊ ಸ್ವಾಮಿಗಳಿಗೆ ಐವತ್ತು ವರ್ಷ. ಬರಡು ನೆಲ, ಹೊಟ್ಟೆಗೆ ಸಾಲದ ದುಡಿಮೆ, ಓದುಬರಹ ಕಾಣದ ಜನ. ದೇವಾಲಯದ ನಿತ್ಯಕಾರ್ಯಗಳ ಬಹುಭಾಗವನ್ನು ಸಹಾಯಕ ಗುರುಗಳಿಗೆ ವಹಿಸಿ, ಸ್ವಾಮಿಗಳು ಜನರಿಗೆ ಕಸುಬು ಕಲಿಸಲು ತೊಡಗಿದರು. ಕುಂಬಾರಿಕೆಯ ಶಾಲೆ, ಇಟ್ಟಿಗೆಯ ಗೂಡು, ಚರ್ಮ ಹದಮಾಡುವ ಕೊಟ್ಟಿಗೆ, ಬಡಗಿಯ ಅಂಗಳ ಎದ್ದವು. ಹಿಪ್ಪುನೇರಳೆಯ ಗಿಡಗಳನ್ನು ನೆಡಿಸಿ ರೇಷ್ಮೆಹುಳು ಸಾಕಿಸಿದರು; ಜೇನುಗೂಡುಗಳನ್ನು ಇರಿಸಿದರು. ದ್ರಾಕ್ಷಿಯನ್ನೂ ಆಲಿವನ್ನೂ ಬೆಳೆಸಿದರು. ಸ್ಪೇನಿನ ವರ್ತಕರ ಹಿತಕ್ಕಾಗಿ ವಸಾಹತಿನಲ್ಲಿ ಇಂಥ ಬೆಳೆಗಳಿಗೆ ನಿರ್ಬಂಧಗಳಿದ್ದುದನ್ನು ಅವರು ಲೆಕ್ಕಿಸಲಿಲ್ಲ. ಕೆಲಸ ಮುಗಿದ ಸಂಜೆ ಕುಶಲಕರ್ಮಿಗಳು ವಾದ್ಯ ಹಿಡಿದು ಕೂಡುತ್ತಿದ್ದರು. ಮೂಲನಿವಾಸಿಗಳೊಡನೆ ಸ್ವಾಮಿಗಳು ಅವರ ನುಡಿಯಲ್ಲೇ ಮಾತನಾಡುತ್ತಿದ್ದರು. ದೊಲೊರೆಸ್ ಇಂದಿಗೂ ಮಡಕೆ, ಬಣ್ಣದ ಹಂಚುಗಳ ಕೆಲಸಕ್ಕೆ ಪ್ರಸಿದ್ಧವಾಗಿದೆ. ಅವರು ನೆಟ್ಟ ಗಿಡಗಳಲ್ಲಿ ಬಹುಕಾಲ ಬಾಳಿದುದು ಇದೇ ಎನ್ನಬೇಕು.

ಅಷ್ಟರಲ್ಲಿ ನಾಡಿನ ಮೇಲೆ ಒಂದರ ಹಿಂದೊಂದು ಸಂಕಟಗಳು ಬಂದೆರಗಿದವು. 1804ರಲ್ಲಿ ಸ್ಪೇನಿನ ಸರ್ಕಾರ ತನ್ನ ಯುದ್ಧಗಳ ಖರ್ಚಿಗಾಗಿ, ದೇವಾಲಯಗಳೂ ಧರ್ಮದತ್ತಿಗಳೂ ರೈತರಿಗೆ ಕೊಟ್ಟಿದ್ದ ಸಾಲಗಳನ್ನು ಒಟ್ಟಿಗೆ ವಸೂಲು ಮಾಡಿ ಹಣವನ್ನು ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿತು. ಜಮೀನುದಾರರು ಅನೇಕರು ಮುಳುಗಿದರು. ಹಿದಾಲ್ಗೊ ಮನೆತನವೂ ಪೆಟ್ಟು ತಿಂದಿತು. 1808ರಲ್ಲಿ ನೆಪೋಲಿಯನ್ ಸ್ಪೇನನ್ನು ಆಕ್ರಮಿಸಿ ದೊರೆ ಏಳನೆಯ ಫರ್ನಾಂದೊನನ್ನು ಸೆರೆಯಲ್ಲಿಟ್ಟನು. ದೊರೆಯೇ ಇಲ್ಲದ ರಾಜ್ಯದಲ್ಲಿ ಆಳುವ ಹಕ್ಕು ಯಾರದೆಂಬ ಪ್ರಶ್ನೆ ಎದ್ದಿತು. ಮೆಕ್ಸಿಕೋ ನಗರದಲ್ಲಿದ್ದ ಸ್ಪೇನಿನ ವರ್ತಕರು ಅದೇ ಸೆಪ್ಟೆಂಬರಿನಲ್ಲಿ ವೈಸರಾಯನನ್ನೇ ರಾತ್ರೋರಾತ್ರಿ ಹಿಡಿದು ಕೆಳಗಿಳಿಸಿದರು. ಆ ವರ್ಷಗಳಲ್ಲಿಯೇ ಮಳೆ ತಪ್ಪಿ, ಬಡವರ ಅನ್ನವಾದ ಮುಸುಕಿನ ಜೋಳದ ಬೆಲೆ ಆಕಾಶಕ್ಕೇರಿತು. ಆಳುವವರು ತಾವೇ ಕಾನೂನನ್ನು ಮುರಿದ ಮೇಲೆ, ಹಸಿದವರಿಗೆ ಅದರ ಭಯ ಉಳಿಯುವುದೆಂತು?

ಗಂಟೆ ಮೊಳಗಿದ ಬೆಳಗು

ಕೆರೆತಾರೊ ನಗರದಲ್ಲಿ ಸಾಹಿತ್ಯಕೂಟದ ನೆಪದಲ್ಲಿ ಕೆಲವರು ಕೂಡಿ ಬಂಡಾಯದ ಹವಣಿಕೆ ನಡೆಸಿದ್ದರು. ಸೈನ್ಯಾಧಿಕಾರಿಗಳಾದ ಇಗ್ನಾಸಿಯೊ ಅಯೆಂದೆ, ಹ್ವಾನ್ ಅಲ್ದಾಮಾ, ನಗರದ ದಂಡಾಧಿಕಾರಿ ಮಿಗೆಲ್ ದೊಮಿಂಗೆಸ್, ಆತನ ಪತ್ನಿ ಹೊಸೆಫಾ ಒರ್ತೀಸ್ ಇವರು ಅದರಲ್ಲಿ ಮುಖ್ಯರು. ಹಿದಾಲ್ಗೊ ಸ್ವಾಮಿಗಳೂ ಸೇರಿದರು. 1810ರ ಸೆಪ್ಟೆಂಬರಿನಲ್ಲಿ ಗುಟ್ಟು ಹೊರಬಿದ್ದಿತು. ಗಂಡನೇ ಕೋಣೆಯಲ್ಲಿ ಕೂಡಿಹಾಕಿದ್ದರೂ ಆ ದಿಟ್ಟ ಹೆಂಗಸು ಎಚ್ಚರಿಕೆಯ ಸುದ್ದಿಯನ್ನು ಹೊರಗೆ ಕಳುಹಿಸಿದಳು. ಅಲ್ದಾಮಾ ಇರುಳಿಡೀ ಕುದುರೆಯೋಡಿಸಿ ದೊಲೊರೆಸಿಗೆ ಬಂದನು. ಅಡಗುವುದೋ ಏಳುವುದೋ ಎಂಬುದನ್ನು ಆ ಗಳಿಗೆಯಲ್ಲೇ ತೀರ್ಮಾನಿಸಬೇಕಾಗಿತ್ತು. ಸ್ವಾಮಿಗಳು ಏಳುವುದನ್ನೇ ಆರಿಸಿದರು.

ಸೆಪ್ಟೆಂಬರ್ 16, ಭಾನುವಾರ. ನಸುಕಿನಲ್ಲಿ ದೇವಾಲಯದ ಗಂಟೆ ಮೊಳಗಿತು. ಬಲಿಪೂಜೆಗೆ ಬಂದ ಹಳ್ಳಿಗರನ್ನು ಕುರಿತು ಸ್ವಾಮಿಗಳು ಬಾಗಿಲಲ್ಲೇ ನಿಂತು ಮಾತನಾಡಿದರು. ಆಡಿದ ಮಾತುಗಳನ್ನು ಅಲ್ಲೇ ಬರೆದುಕೊಂಡವರಿಲ್ಲ. ಕೆಟ್ಟ ಆಡಳಿತ ಕೊನೆಗಾಣಬೇಕು, ಧರ್ಮ ಉಳಿಯಬೇಕು, ಸೆರೆಯಲ್ಲಿರುವ ದೊರೆಯ ಹೆಸರಿನಲ್ಲೇ ನಾಡನ್ನು ಕಾಪಾಡಬೇಕು ಎಂಬುದು ಅದರ ಸಾರವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಸೆರೆಮನೆಯ ಬಾಗಿಲು ತೆರೆಯಿತು. ಊರಿನಲ್ಲಿದ್ದ ಸ್ಪೇನಿನವರು ಸೆರೆಯಾದರು. ಕುಂಬಾರರು, ಚರ್ಮದ ಕೆಲಸದವರು, ಉಳುವವರು ಮಚ್ಚು, ಭರ್ಜಿ, ಕವಣೆಗಳನ್ನು ಹಿಡಿದು ತಮ್ಮ ಗುರುವಿನ ಹಿಂದೆ ನಡೆದರು. ದಾರಿಯಲ್ಲಿದ್ದ ಅತೊತೊನಿಲ್ಕೊ ಪುಣ್ಯಕ್ಷೇತ್ರದಲ್ಲಿ ಗ್ವಾದಲೂಪೆ ಮಾತೆಯ ಚಿತ್ರಪಟವನ್ನು ಎತ್ತಿಕೊಂಡು ಸ್ವಾಮಿಗಳು ಅದನ್ನೇ ಧ್ವಜವನ್ನಾಗಿ ಮಾಡಿದರು. 1531ರಲ್ಲಿ ಬಡ ಮೂಲನಿವಾಸಿ ಹ್ವಾನ್ ದಿಯೆಗೊನಿಗೆ ದರ್ಶನವಿತ್ತ ಆ ತಾಯಿಯ ಚಿತ್ರವನ್ನು ಕಂಡೊಡನೆ ಹಳ್ಳಿ ಹಳ್ಳಿಗಳೇ ಎದ್ದು ಬಂದವು.

ಆದರೆ ಎದುರು ಪಕ್ಷದವರೂ ಅದೇ ಧರ್ಮದವರು, ಅದೇ ಮಾತೆಯ ಮಕ್ಕಳು. ರಾಜಧಾನಿಯಲ್ಲಿ ವೈಸರಾಯನ ಪಕ್ಷದವರು ರೆಮೆದಿಯೊಸ್ ಮಾತೆಯ ಸ್ವರೂಪವನ್ನು ಪ್ರಧಾನ ದೇವಾಲಯಕ್ಕೆ ತಂದು, ಆಕೆಯನ್ನು ತಮ್ಮ ಸೇನೆಯ ರಕ್ಷಕಿಯೆಂದು ಸಾರಿದರು. ಹೀಗೆ ಒಬ್ಬಳೇ ಕನ್ಯಾಮಾತೆಯ ಎರಡು ಪಟಗಳು ಎರಡು ಸೇನೆಗಳ ಮುಂದೆ ಎದುರುಬದುರಾದವು. ಅಂತಃಕಲಹದ ದುರಂತವೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ.

ವಯ್ಯಾದೊಲಿದಿನ ಧರ್ಮಾಧ್ಯಕ್ಷರಾಗಿ ಆಯ್ಕೆಯಾಗಿದ್ದ ಮನುವೆಲ್ ಅಬಾದ್ ಇ ಕೆಯ್ಪೊ ಅವರು ಸೆಪ್ಟೆಂಬರ್ 24ರಂದು ಹಿದಾಲ್ಗೊ ಅವರನ್ನು ಧರ್ಮಸಭೆಯಿಂದ ಬಹಿಷ್ಕರಿಸಿದರು. ಆತ ಹಿದಾಲ್ಗೊ ಅವರ ಹಳೆಯ ಗೆಳೆಯರು. ಅಷ್ಟೇ ಅಲ್ಲ, ಮೂಲನಿವಾಸಿಗಳ ಮೇಲಿನ ತಲೆಗಂದಾಯವನ್ನು ತೆಗೆದುಹಾಕಬೇಕು, ಅವರಿಗೆ ಭೂಮಿ ಕೊಡಬೇಕು ಎಂದು 1799ರಷ್ಟು ಹಿಂದೆಯೇ ದೊರೆಗೆ ಮನವಿ ಬರೆದಿದ್ದವರು. ರೋಗದ ವಿಷಯದಲ್ಲಿ ಇಬ್ಬರಿಗೂ ಭೇದವಿರಲಿಲ್ಲ. ಮದ್ದಿನ ವಿಷಯದಲ್ಲಿ ಸ್ನೇಹ ಮುರಿದುಬಿದ್ದಿತು. ಆ ದೊರೆ ಮನವಿಗೆ ಕಿವಿಗೊಟ್ಟಿದ್ದರೆ ಇಬ್ಬರು ಗೆಳೆಯರೂ ಒಂದೇ ಪಕ್ಷದಲ್ಲಿ ಉಳಿಯುತ್ತಿದ್ದರೇನೋ.

ಧಾನ್ಯಾಗಾರದ ರಕ್ತ

ಸೆಪ್ಟೆಂಬರ್ 28ರಂದು ದಂಗೆಯ ಜನಸಾಗರ ಬೆಳ್ಳಿಗಣಿಗಳ ನಗರವಾದ ಗ್ವಾನಾಹ್ವಾತೊವನ್ನು ಮುಟ್ಟಿತು. ಅಲ್ಲಿನ ಆಡಳಿತಾಧಿಕಾರಿ ಹ್ವಾನ್ ಅಂತೊನಿಯೊ ರಿಯಾನ್ಯೊ ವಿದ್ಯಾವಂತ, ಸಜ್ಜನ. ಆತನೂ ಸ್ವಾಮಿಗಳಿಗೆ ಸ್ನೇಹಿತನೇ. ಬರಗಾಲದಲ್ಲಿ ಜನರ ಹಸಿವು ನೀಗಿಸಲೆಂದು ಆತನ ಕಾಲದಲ್ಲೇ ಕಟ್ಟಿ ಮುಗಿಸಿದ ಕೋಟೆಯಂಥ ಧಾನ್ಯಾಗಾರವೊಂದು ಅಲ್ಲಿತ್ತು. ಸ್ಪೇನಿನವರು ತಮ್ಮ ಹಣ, ಬೆಳ್ಳಿ, ಹೆಂಡಿರು ಮಕ್ಕಳೊಡನೆ ಅದರೊಳಗೆ ಸೇರಿ ಬಾಗಿಲು ಭದ್ರಪಡಿಸಿಕೊಂಡರು. ನಗರದ ಬಡಜನ ಹೊರಗುಳಿದರು. ಶರಣಾಗಬೇಕೆಂದು ಕೇಳಿದ ಓಲೆಯೊಡನೆ, ಗೆಳೆಯನ ಸಂಸಾರಕ್ಕೆ ಆಶ್ರಯ ನೀಡುವುದಾಗಿ ಸ್ವಾಮಿಗಳು ಬೇರೊಂದು ಖಾಸಗಿ ಓಲೆಯನ್ನೂ ಕಳುಹಿಸಿದರು. ರಿಯಾನ್ಯೊ ವಂದನೆ ತಿಳಿಸಿ, ತನ್ನ ಕರ್ತವ್ಯವನ್ನು ಬಿಡಲಾರೆನೆಂದು ಉತ್ತರವಿತ್ತು, ಕಾಳಗದ ಮೊದಲ ಹೊತ್ತಿನಲ್ಲೇ ಗುಂಡು ತಗಲಿ ಬಿದ್ದನು. ಪೀಪಿಲಾ ಎಂಬ ಗಣಿಗಾರನೊಬ್ಬ ಬೆನ್ನಿಗೆ ಕಲ್ಲು ಚಪ್ಪಡಿ ಕಟ್ಟಿಕೊಂಡು ತೆವಳುತ್ತ ಹೋಗಿ ಬಾಗಿಲಿಗೆ ಬೆಂಕಿಯಿಟ್ಟನೆಂದು ಜನ ಹೇಳುತ್ತಾರೆ. ಬಾಗಿಲು ಬಿದ್ದ ಮೇಲೆ ನಡೆದುದು ಯುದ್ಧವಲ್ಲ, ಕಗ್ಗೊಲೆ. ಒಳಗಿದ್ದ ನೂರಾರು ಮಂದಿ ಸತ್ತರು. ನಗರ ದಿನಗಟ್ಟಲೆ ಲೂಟಿಯಾಯಿತು. ಶಿಸ್ತಿಲ್ಲದ ಆ ಜನಜಂಗುಳಿಯನ್ನು ತಡೆಯುವ ಶಕ್ತಿ ಅದನ್ನು ಎಬ್ಬಿಸಿದವರಿಗಿರಲಿಲ್ಲ. ಅಯೆಂದೆಗೂ ಸ್ವಾಮಿಗಳಿಗೂ ನಡುವೆ ಬಿರುಕು ಬೆಳೆಯಿತು. ಅಯೆಂದೆಗೆ ಬೇಕಾಗಿದ್ದುದು ತರಬೇತಾದ ಸೇನೆ. ಸ್ವಾಮಿಗಳಿಗಾದರೋ ತಮ್ಮನ್ನು ನಂಬಿ ಬಂದ ಬಡವರನ್ನು ಹಿಂದಕ್ಕೆ ಕಳುಹಿಸಲು ಮನಸ್ಸಿಲ್ಲ.

ಅಕ್ಟೋಬರಿನಲ್ಲಿ ವಯ್ಯಾದೊಲಿದ್ ಕಾದಾಟವಿಲ್ಲದೆ ಕೈಸೇರಿತು. ಅಲ್ಲಿ ಅವರ ಹೆಸರಿನಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದ ಆಜ್ಞೆ ಹೊರಟಿತು. ಆ ದಿನಗಳಲ್ಲೇ ಹಳೆಯ ವಿದ್ಯಾರ್ಥಿ ಮೊರೆಲೊಸ್, ಈಗ ತಾನೂ ಒಂದು ಬಡ ಧರ್ಮಕೇಂದ್ರದ ಗುರುವಾಗಿ, ಅವರನ್ನು ಬಂದು ಕಂಡನು; ದಕ್ಷಿಣದ ಕರಾವಳಿಯಲ್ಲಿ ದಂಗೆ ನಡೆಸುವ ಹೊಣೆ ಅವನಿಗೆ ಬಂದಿತು. ಅಕ್ಟೋಬರ್ 30ರಂದು ಮೆಕ್ಸಿಕೋ ನಗರದ ಸಮೀಪದ ಶಿಲುಬೆಗಳ ಬೆಟ್ಟದಲ್ಲಿ ದಂಗೆಕೋರರು ಗೆದ್ದರು. ಅವರ ಸಂಖ್ಯೆ ಸುಮಾರು 80,000 ಎಂದು ಹೇಳುತ್ತಾರೆ. ರಾಜಧಾನಿ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿತ್ತು. ಆದರೆ ಸ್ವಾಮಿಗಳು ಅದರ ಮೇಲೆ ನುಗ್ಗದೆ ಸೇನೆಯನ್ನು ಹಿಂದಿರುಗಿಸಿದರು. ಮದ್ದುಗುಂಡು ತೀರಿತ್ತೆಂದು ಕೆಲವರು, ಗ್ವಾನಾಹ್ವಾತೊವಿನ ರಕ್ತಪಾತ ಅಲ್ಲೂ ನಡೆದೀತೆಂದು ಅಂಜಿದರೆಂದು ಮತ್ತೆ ಕೆಲವರು ಕಾರಣ ಹೇಳುತ್ತಾರೆ. ಒಂದು ವಾರದ ಬಳಿಕ ಅಕುಲ್ಕೊ ಎಂಬಲ್ಲಿ ರಾಜಪಕ್ಷದ ಸೇನಾನಿ ಫೆಲಿಕ್ಸ್ ಕಾಯೆಹಾ ಅವರನ್ನು ಸೋಲಿಸಿದನು.

ಗ್ವಾದಲಹಾರದ ಹಗಲು ಮತ್ತು ಇರುಳು

ಸೋತ ಸೇನೆಯನ್ನು ಮತ್ತೆ ಕೂಡಿಸಿಕೊಂಡು ನವೆಂಬರ್ 26ರಂದು ಸ್ವಾಮಿಗಳು ಗ್ವಾದಲಹಾರಾ ನಗರವನ್ನು ಪ್ರವೇಶಿಸಿದರು. ಅವರ ಬಾಳಿನ ಬೆಳಕೂ ಕತ್ತಲೆಯೂ ಒಂದೇ ಕಡೆ ಕಾಣುವುದು ಇಲ್ಲಿಯೇ. ಗುಲಾಮರನ್ನು ಇಟ್ಟುಕೊಂಡವರು ಹತ್ತು ದಿನಗಳೊಳಗೆ ಅವರನ್ನು ಬಿಡುಗಡೆ ಮಾಡಬೇಕು, ತಪ್ಪಿದರೆ ಮರಣದಂಡನೆ ಎಂಬ ಆಜ್ಞೆ ಡಿಸೆಂಬರ್ 6ರಂದು ಪ್ರಕಟವಾಯಿತು. ತಲೆಗಂದಾಯ ರದ್ದಾಯಿತು. ಮೂಲನಿವಾಸಿಗಳ ಸಮುದಾಯದ ಭೂಮಿ ಅವರ ಉಳುಮೆಗೇ ಸಿಗಬೇಕೆಂದು ಡಿಸೆಂಬರ್ 5ರ ಆಜ್ಞೆ ಸಾರಿತು. ದಂಗೆಯ ಪಕ್ಷದ ಮೊದಲ ಪತ್ರಿಕೆ ಅದೇ ತಿಂಗಳು ಅಲ್ಲಿಂದ ಹೊರಟಿತು.

ಆದರೆ ಅದೇ ನಗರದಲ್ಲಿ ಇರುಳಿನ ಹೊತ್ತು ಸೆರೆಯಲ್ಲಿದ್ದ ಸ್ಪೇನಿನವರನ್ನು ಗುಂಪುಗುಂಪಾಗಿ ಊರ ಹೊರಗಿನ ಕಣಿವೆಗಳಿಗೆ ಒಯ್ದು ಕೊಲ್ಲಲಾಯಿತು. ವಯ್ಯಾದೊಲಿದಿನಲ್ಲೂ ಇಂಥದೇ ನಡೆದಿತ್ತು. ವಿಚಾರಣೆಯಿಲ್ಲ, ಆರೋಪವಿಲ್ಲ. ಬಡವರ ಮನೆಬಾಗಿಲಿಗೆ ಹೋಗಿ ರೇಷ್ಮೆಹುಳು ಸಾಕುವುದನ್ನು ಕಲಿಸಿದ ಗುರುವಿನ ಅನುಮತಿಯಿಂದಲೇ ಇದು ನಡೆಯಿತು. ರಾಜಕುಮಾರರಿಗೆ ಸಲ್ಲುವ ಬಿರುದಿನಿಂದ ಜನ ಕರೆಯುವುದನ್ನೂ ಆ ದಿನಗಳಲ್ಲಿ ಅವರು ಬೇಡವೆನ್ನಲಿಲ್ಲ. ಎದುರು ಪಕ್ಷವೂ ಕಡಮೆಯದಲ್ಲ. ಗ್ವಾನಾಹ್ವಾತೊವನ್ನು ಮರಳಿ ಹಿಡಿದ ಕಾಯೆಹಾ ಅದರ ಬೀದಿಗಳಲ್ಲಿ ನೇಣುಗಂಬಗಳನ್ನು ನಿಲ್ಲಿಸಿದನು. ಆದರೆ ಒಬ್ಬರ ಪಾಪದಿಂದ ಮತ್ತೊಬ್ಬರ ಪಾಪ ತೊಳೆದುಹೋಗದೆಂಬುದನ್ನು ನಾವು ಬಾಲ್ಯದ ಧರ್ಮೋಪದೇಶದಲ್ಲೇ ಕಲಿತಿದ್ದೇವೆ.

1811ರ ಜನವರಿ 17ರಂದು ಕಾಲ್ದೆರೋನ್ ಸೇತುವೆಯ ಬಳಿ ಕಡೆಯ ಕಾಳಗ. ದಂಗೆಯವರು ಲಕ್ಷದಷ್ಟಿದ್ದರೆಂದೂ ಕಾಯೆಹಾನ ಸೈನಿಕರು ಸುಮಾರು 6,000 ಎಂದೂ ಹೇಳುವರು. ದಂಗೆಯವರ ಮದ್ದಿನ ಗಾಡಿಯೊಂದು ಸಿಡಿದು ಒಣಹುಲ್ಲಿಗೆ ಬೆಂಕಿ ಹತ್ತಿತು. ಹೊಗೆಯಲ್ಲಿ ದಾರಿಗಾಣದೆ ಸೇನೆ ಚದುರಿಹೋಯಿತು. ದೊಲೊರೆಸಿನ ಗಂಟೆ ಮೊಳಗಿ ಅಂದಿಗೆ ನಾಲ್ಕು ತಿಂಗಳು ಕಳೆದು ಒಂದು ದಿನವಾಗಿತ್ತು. ಅಯೆಂದೆ ಮತ್ತು ಉಳಿದ ಸೇನಾನಿಗಳು ಸ್ವಾಮಿಗಳಿಂದ ನಾಯಕತ್ವವನ್ನು ಕಸಿದುಕೊಂಡರು. ಉತ್ತರಕ್ಕೆ ಪಲಾಯನ ಮಾಡುತ್ತಿದ್ದಾಗ, ಒಮ್ಮೆ ದಂಗೆಯ ಪಕ್ಷ ಸೇರಿದ್ದ ಇಗ್ನಾಸಿಯೊ ಎಲಿಸೊಂದೊ ಎಂಬಾತ ಅವರಿಗೆ ದ್ರೋಹ ಬಗೆದು, ಮಾರ್ಚ್ 21ರಂದು ಬಹಾನಿನ ಬಾವಿಗಳ ಬಳಿ ಎಲ್ಲರನ್ನೂ ಸೆರೆಹಿಡಿದನು.

ಕಡೆಯ ದಿನಗಳು

ಸೆರೆಯಾಳುಗಳನ್ನು ಮರುಭೂಮಿಯ ದಾರಿಯಲ್ಲಿ ಚಿವಾವಾ ನಗರಕ್ಕೆ ಒಯ್ದರು. ಅಯೆಂದೆ, ಅಲ್ದಾಮಾ ಮೊದಲಾದವರಿಗೆ ಜೂನ್ 26ರಂದು ಗುಂಡಿಕ್ಕಲಾಯಿತು. ಗುರುದೀಕ್ಷೆ ಪಡೆದವರಾದ್ದರಿಂದ ಹಿದಾಲ್ಗೊ ಸ್ವಾಮಿಗಳ ವಿಚಾರಣೆ ಇನ್ನಷ್ಟು ದಿನ ನಡೆಯಿತು. ನ್ಯಾಯಾಧಿಕಾರಿಯ ಮುಂದೆ ಅವರು ನುಣುಚಿಕೊಳ್ಳಲಿಲ್ಲ. ದಂಗೆಯ ಹೊಣೆಯನ್ನು ಹೊತ್ತರು. ಸೆರೆಯಲ್ಲಿದ್ದ ಸ್ಪೇನಿನವರನ್ನು ವಿಚಾರಣೆಯಿಲ್ಲದೆ ಕೊಲ್ಲಿಸಿದುದನ್ನು ಒಪ್ಪಿಕೊಂಡರು. ಅವರು ನಿರಪರಾಧಿಗಳೆಂಬುದು ತಮಗೆ ತಿಳಿದಿತ್ತೆಂದೂ ಹೇಳಿದರು. ಮೇ 18ರ ದಿನಾಂಕದ ಒಂದು ಪಶ್ಚಾತ್ತಾಪ ಪತ್ರವೂ ಅವರ ಹೆಸರಿನಲ್ಲಿದೆ. ಅದು ಎಷ್ಟರಮಟ್ಟಿಗೆ ಅವರದೇ ಮಾತೆಂದು ಚರಿತ್ರೆಕಾರರು ವಾದಿಸುತ್ತಾರೆ. ಆದರೆ ಸುರಿದ ರಕ್ತಕ್ಕಾಗಿ ಆ ಮುದಿಗುರು ನೊಂದರೆಂಬುದಕ್ಕೆ ವಿಚಾರಣೆಯಲ್ಲಿ ಅವರಿತ್ತ ಉತ್ತರಗಳೇ ಸಾಕ್ಷಿ.

ಜುಲೈ 29ರಂದು ಅವರ ಗುರುಪದವಿಯನ್ನು ಕಳೆಯುವ ವಿಧಿ ನಡೆಯಿತು. ಪೂಜಾವಸ್ತ್ರಗಳನ್ನು ತೊಡಿಸಿ ಒಂದೊಂದಾಗಿ ಕಳಚಿದರು. ಮೂವತ್ತಮೂರು ವರ್ಷಗಳ ಹಿಂದೆ ಪವಿತ್ರ ತೈಲ ಹಚ್ಚಿಸಿಕೊಂಡಿದ್ದ ಕೈಗಳನ್ನು ಕೆರೆದರು. ಅವರು ಪಾಪನಿವೇದನೆ ಮಾಡಿ, ಧರ್ಮಸಭೆಯೊಡನೆ ಸಮಾಧಾನ ಪಡೆದುಕೊಂಡೇ ಸಾವಿಗೆ ಸಿದ್ಧರಾದರು. ತಮ್ಮನ್ನು ಕಾಯ್ದ ಇಬ್ಬರು ಕಾವಲುಗಾರರು ತೋರಿದ ಕರುಣೆಗೆ ಕೃತಜ್ಞತೆಯಾಗಿ ಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ಪದ್ಯಗಳನ್ನು ಬರೆದರು. ಮರುದಿನ ಬೆಳಗ್ಗೆ, ಜುಲೈ 30ರಂದು, ಗುಂಡಿಕ್ಕಲು ನಿಂತ ಸೈನಿಕರಿಗೆ ಮಿಠಾಯಿ ಹಂಚಿ, ಅವರ ಗುರಿ ತಪ್ಪದಿರಲೆಂದು ತಮ್ಮ ಬಲಗೈಯನ್ನು ಎದೆಯ ಮೇಲಿರಿಸಿಕೊಂಡರೆಂದು ಹೇಳುತ್ತಾರೆ. ಒಂದೇ ಸರದಿಯಲ್ಲಿ ಪ್ರಾಣ ಹೋಗಲಿಲ್ಲ. ಸೈನಿಕರ ಕೈ ನಡುಗಿತ್ತು. ಅವರಿಗಾಗ ಐವತ್ತೆಂಟು ವರ್ಷ. ಅವರ ಮತ್ತು ಇತರ ಮೂವರು ನಾಯಕರ ತಲೆಗಳನ್ನು ಗ್ವಾನಾಹ್ವಾತೊವಿನ ಅದೇ ಧಾನ್ಯಾಗಾರದ ನಾಲ್ಕು ಮೂಲೆಗಳಲ್ಲಿ ಕಬ್ಬಿಣದ ಪಂಜರಗಳಲ್ಲಿ ತೂಗುಹಾಕಿದರು. ಅವು 1821ರವರೆಗೆ ಅಲ್ಲಿಯೇ ಇದ್ದವು.

ಹೋರಾಟ ಅಲ್ಲಿಗೆ ನಿಲ್ಲಲಿಲ್ಲ. ಮೊರೆಲೊಸ್ ಅದನ್ನು ಮುಂದುವರಿಸಿ, 1813ರಲ್ಲಿ ಚಿಲ್ಪನ್ಸಿಂಗೊ ಎಂಬಲ್ಲಿ ಪ್ರತಿನಿಧಿಗಳ ಸಭೆ ನೆರೆಸಿ, 1815ರ ಡಿಸೆಂಬರ್ 22ರಂದು ತಾನೂ ಗುಂಡಿಗೆ ಬಲಿಯಾದನು. ಸ್ವಾತಂತ್ರ್ಯ ಬಂದುದು 1821ರಲ್ಲಿ. ಅದನ್ನು ಸಾಧಿಸಿದ ಅಗುಸ್ತಿನ್ ದೆ ಇತುರ್ಬಿದೆ ಬಹುಕಾಲ ರಾಜಪಕ್ಷದಲ್ಲಿ ನಿಂತು ದಂಗೆಯವರನ್ನು ಬೇಟೆಯಾಡಿದವನೇ. ಹಳೆಯ ವೈರಿಗಳು ಕೈ ಕುಲುಕಿದ ಮೇಲೆಯೇ ಹನ್ನೊಂದು ವರ್ಷಗಳ ಕಲಹ ಮುಗಿಯಿತೆಂಬುದನ್ನು ಗಮನಿಸಬೇಕು. ಹಿದಾಲ್ಗೊ ಸ್ವಾಮಿಗಳು ಸಾರಿದ ಗುಲಾಮರ ಬಿಡುಗಡೆ ನಾಡಿನ ಕಾನೂನಾದುದು 1829ರಲ್ಲಿ, ಆಫ್ರಿಕ ಮೂಲದ ರಕ್ತವುಳ್ಳ ಅಧ್ಯಕ್ಷ ವಿಸೆಂತೆ ಗೆರೆರೊ ಕಾಲದಲ್ಲಿ. ಅವರ ಅವಶೇಷಗಳನ್ನು 1823ರಲ್ಲಿ ಮೆಕ್ಸಿಕೋ ನಗರದ ಪ್ರಧಾನ ದೇವಾಲಯದಲ್ಲಿ ಗೌರವದಿಂದ ಇರಿಸಲಾಯಿತು. 1925ರಲ್ಲಿ ಅವು ಸ್ವಾತಂತ್ರ್ಯಸ್ತಂಭದ ಅಡಿಗೆ ಬಂದವು. ದೊಲೊರೆಸ್ ಊರಿಗೆ ಈಗ ದೊಲೊರೆಸ್ ಹಿದಾಲ್ಗೊ ಎಂದೇ ಹೆಸರು. ಅಲ್ಲಿನ ದೇವಾಲಯದ ಗಂಟೆಯನ್ನು 1896ರಲ್ಲಿ ರಾಜಧಾನಿಯ ಅರಮನೆಗೆ ಒಯ್ದರು. ಪ್ರತಿವರ್ಷ ಸೆಪ್ಟೆಂಬರ್ 15ರ ರಾತ್ರಿ ರಾಷ್ಟ್ರದ ಅಧ್ಯಕ್ಷರು ಅದನ್ನು ಬಾರಿಸುತ್ತಾರೆ.

ಆ ಗುರುವನ್ನು ನಾವು ಹೇಗೆ ತೂಗಬೇಕು? ತಲೆಗಂದಾಯವೂ ಗುಲಾಮಗಿರಿಯೂ ದೇವರ ಮುಂದೆ ಅನ್ಯಾಯಗಳೇ. ಅವುಗಳನ್ನು ಅಳಿಸಲು ಹೊರಟ ಅವರ ಗುರಿಯನ್ನು ನಾವು ತಪ್ಪೆನ್ನಲಾರೆವು. ಕಣಿವೆಯಲ್ಲಿ ಸತ್ತ ನಿರಪರಾಧಿಗಳ ಪ್ರಾಣವೂ ದೇವರದೇ; ಅದನ್ನು ಕ್ಷಮಿಸುವ ಅಧಿಕಾರ ನಮ್ಮದಲ್ಲ. ನ್ಯಾಯವನ್ನು ಬೇಡುವವರ ಮೊರೆಯನ್ನು ಆಳುವವರು ಕೇಳದೆ ಹೋದಾಗ ಅದು ಸೇಡಾಗಿ ಕೆರಳುತ್ತದೆ. ಸೇಡು ಯಾರನ್ನೂ ಗುರುತಿಸುವುದಿಲ್ಲ. ಹಿದಾಲ್ಗೊ ಸ್ವಾಮಿಗಳು ಇದನ್ನು ತಡವಾಗಿ ಅರಿತರು, ಆದರೆ ಅರಿತುದನ್ನು ಮುಚ್ಚಿಡಲಿಲ್ಲ. ನಮ್ಮ ಧರ್ಮಕೇಂದ್ರವೂ ಈ ನೂರು ವರ್ಷಗಳಲ್ಲಿ ಮನಸ್ತಾಪಗಳನ್ನು ಕಾಣದೆ ಇಲ್ಲ. ಎರಡನೆಯ ಶತಮಾನಕ್ಕೆ ಕಾಲಿಡುವಾಗ, ನೊಂದವರ ಮಾತಿಗೆ ಹೊತ್ತು ಮೀರುವ ಮೊದಲೇ ಕಿವಿಗೊಡುವ ಬುದ್ಧಿಯನ್ನೂ, ಮುನಿದ ಸೋದರನೊಡನೆ ಒಂದೇ ಪೀಠದ ಮುಂದೆ ಮೊಣಕಾಲೂರುವ ಮನಸ್ಸನ್ನೂ ನಮಗೆ ಕರುಣಿಸಬೇಕೆಂದು ವ್ಯಾಕುಲಮಾತೆಯ ಬಿನ್ನಹದ ಮೂಲಕ ಪ್ರಾರ್ಥಿಸೋಣ.